ಬಾಗಿಲು ನಿಂತಿರುವ ತನಕ

ಊರಿನವರು ಅವನನ್ನು ಬಾಗಿಲ ಮೈಲಪ್ಪ ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು ಬಾಗಿಲಲ್ಲಿ, ಬೆಳೆದದ್ದು ಬಾಗಿಲಲ್ಲಿ, ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದೂ ಬಾಗಿಲಿಗೇ. ಹಿರೇಹಡಗಲಿಯಿಂದ ಮೈಲಾರದ ಕಡೆಗೆ ಹೋಗುವಾಗ ಎಡಕ್ಕೆ ಸಿಗುವ ಆ ಊರಿನಲ್ಲಿ ಗೌಡರ ವಾಡೆಯ ಹೆಬ್ಬಾಗಿಲೆಂದರೆ ಅದೇ ಒಂದು ಕಟ್ಟಡ. ಎರಡಾಳೆತ್ತರದ ತೇಗದ ಕದಗಳು, ಕದದ ತುಂಬ ಮುಷ್ಟಿಗಾತ್ರದ ಕಬ್ಬಿಣದ ಮೊಳೆಗಳು, ಚೌಕಟ್ಟಿನ ನೆತ್ತಿಯಲ್ಲಿ ಎರಡಾನೆಗಳ ನಡುವೆ ಕುಳಿತ ಲಕ್ಷ್ಮಿ, ಅದಕ್ಕೂ ಮೇಲೆ ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಅಟ್ಟ. ಒಳಗೆ ಕಾಲಿಟ್ಟೊಡನೆ ಕಾವಲಿನವರಿಗೆಂದು ಎಡಕ್ಕೊಂದು ಬಲಕ್ಕೊಂದು ಕೋಣೆ. ಬಲಗಡೆಯ ಕೋಣೆಯಲ್ಲಿ ಮೈಲಪ್ಪನ ಅಜ್ಜ ಇದ್ದ, ಅಪ್ಪ ಇದ್ದ, ಈಗ ಅರವತ್ತೆಂಟರ ಮೈಲಪ್ಪ ಇದ್ದಾನೆ.

ವಾಡೆ ಮಾತ್ರ ಎಂದೋ ಬಿದ್ದುಹೋಗಿತ್ತು. ಗೌಡರ ವಂಶದಲ್ಲಿ ಉಳಿದ ಅರುಣಕುಮಾರ್ ದಾವಣಗೆರೆಯಲ್ಲಿ ಸಿಮೆಂಟು ವ್ಯಾಪಾರ ಮಾಡಿಕೊಂಡಿದ್ದ. ಹಿಂದಿನ ಗೋಡೆ ಕುಸಿದು ಬಯಲಾಗಿ, ಊರ ಮೇಕೆಗಳೆಲ್ಲ ಅತ್ತಿಂದ ಬಂದು ಇತ್ತ ಹೋಗುತ್ತಿದ್ದವು. ಹಿಂದೆ ಗೋಡೆಯೇ ಇಲ್ಲದ ವಾಡೆಗೆ ಮುಂದೆ ಅಗುಳಿ ಹಾಕುವ ಮನುಷ್ಯನಿಗೆ ಏನೆನ್ನಬೇಕು? ಮೈಲಪ್ಪ ದಿನಾ ಬೆಳಿಗ್ಗೆ ಕದ ತೆರೆಯುತ್ತಿದ್ದ, ದೀಪ ಹಚ್ಚುವ ಹೊತ್ತಿಗೆ ಮುಚ್ಚುತ್ತಿದ್ದ. ಮುಚ್ಚಿದ ಮೇಲೆ ಬಂದವರು ಕದದೊಳಗಿನ ಸಣ್ಣ ದಿಡ್ಡಿಯಲ್ಲಿ ಬಗ್ಗಿ ಬರಬೇಕು. ಜನಗಣತಿಗೆ ಬಂದ ಮೇಷ್ಟ್ರೊಬ್ಬರು ಹಿಂದಿನ ಬಯಲಿನಿಂದ ಸಲೀಸಾಗಿ ಒಳಗೆ ಬಂದಿದ್ದರು. ಅವರನ್ನು ಬಂದ ದಾರಿಯಲ್ಲೇ ಹೊರಗೆ ಕಳಿಸಿ, ಸುತ್ತು ಹಾಕಿಸಿ, ದಿಡ್ಡಿಯಲ್ಲಿ ಬಗ್ಗಿಸಿ ಒಳಕ್ಕೆ ಕರೆದುಕೊಂಡ ಮಹಾನುಭಾವ ಅವನು. ಮೇಷ್ಟ್ರ ತಲೆಗೆ ತೊಲೆ ಬಡಿದು ಬುಗುಟೆ ಎದ್ದಿತ್ತು.

"ನೀವು ಬಾಗ್ಲ ಕಾಯ್ತೀರೋ, ಬಾಗ್ಲ ನಿಮ್ಮನ್ನ ಕಾಯ್ತೈತೋ, ಯಾರಿಗೆ ಗೊತ್ತ್ರಿ" ಎಂದು ಹೆಂಡತಿ ತಿಪ್ಪೇರುದ್ರಮ್ಮ ನಗುತ್ತಿದ್ದಳು. ನಗುತ್ತಲೇ ಶುಕ್ರವಾರಕ್ಕೊಮ್ಮೆ ಹೊಸ್ತಿಲಿಗೆ ಕೆಮ್ಮಣ್ಣು ಸಾರಿಸಿ, ಅರಿಶಿನ ಕುಂಕುಮ ಇಟ್ಟು ಕೈಮುಗಿಯುತ್ತಿದ್ದಳು. ಒಳ್ಳೆಯ ಹೆಂಗಸು. ಗಂಡನ ಜಂಬವನ್ನು ಮನೆಯ ಸಾಮಾನುಗಳಲ್ಲಿ ಒಂದು ಎಂಬಂತೆ ಒರೆಸಿ ಇಟ್ಟುಕೊಂಡು ನಲವತ್ತು ವರ್ಷ ಬಾಳಿದವಳು.

ಏಳು ವರ್ಷದ ಹಿಂದೆ ಆ ಜಂಬಕ್ಕೆ ಪೆಟ್ಟು ಬಿತ್ತು. ಒಬ್ಬಳೇ ಮಗಳು ಚಂದನಾಳನ್ನು ಅಕ್ಕನ ಮಗ ಬೀರಲಿಂಗೇಶನಿಗೆ ಕೊಡುವುದೆಂದು ಮೈಲಪ್ಪ ಮಾತು ಮುಗಿಸಿದ್ದ. ನಾಲ್ಕೂರಿನ ಕುರಿಗಾರ ಹಿರಿಯರು ಹೆಬ್ಬಾಗಿಲ ಜಗಲಿಯ ಮೇಲೆ ಎಲೆಅಡಿಕೆ ಹಿಡಿದು ಕುಳಿತಿದ್ದರು. ಚಂದನಾ ಹೊರಗೆ ಬಂದು, ಎಲ್ಲರಿಗೂ ನಮಸ್ಕಾರ ಮಾಡಿ, ತಾನು ಹೂವಿನ ಹಡಗಲಿಯ ಅಂಜಿನೇಯಲುವನ್ನು ಮದುವೆಯಾಗಿ ಹದಿನೈದು ದಿನವಾಯಿತೆಂದು ಹೇಳಿದಳು. ಅಂಜಿನೇಯಲು ಮಲ್ಲಿಗೆ ಹೂವಿನ ಗಂಟುಗಳನ್ನು ಆಟೋದಲ್ಲಿ ಸಾಗಿಸುವವನು, ಬೇರೆ ಜಾತಿಯವನು. ಇದನ್ನೇ ಅವಳು ಒಳಗೆ ಹೇಳಿದ್ದರೆ ಮೈಲಪ್ಪ ಕೂಗಾಡಿ, ನಾಲ್ಕು ದಿನ ಊಟ ಬಿಟ್ಟು, ಕೊನೆಗೆ ದಾರಿಗೆ ಬರುತ್ತಿದ್ದನೇನೋ. ಹೇಳಿದ್ದು ಹೆಬ್ಬಾಗಿಲಲ್ಲಿ, ನಾಲ್ಕೂರ ಮಂದಿಯ ಮುಂದೆ.

ಮೈಲಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದ. ಮೈಲಾರಲಿಂಗನ ಒಕ್ಕಲಿಗೆ ಆ ಅರಿಶಿನ ಪುಡಿ ಬರಿಯ ಪುಡಿಯಲ್ಲ, ದೇವರೇ. ಅದನ್ನು ಮುಟ್ಟಿ ಆಡಿದ ಮಾತಿಗೆ ಅವರಲ್ಲಿ ಎರಡನೆಯ ಮಾತಿಲ್ಲ. ಭಂಡಾರದ ಆಣೆಗಾಗಿ ಅಣ್ಣತಮ್ಮಂದಿರು ಸಾಯುವ ತನಕ ಒಂದೇ ಬಾವಿಯ ನೀರು ಕುಡಿಯದೆ ಇದ್ದದ್ದುಂಟು. ಅವನು ಹಿಡಿ ಭಂಡಾರವನ್ನು ಹೊಸ್ತಿಲ ಮೇಲೆ ಸುರಿದು ಕೂಗಿದ.

"ಏಳುಕೋಟಿ ಮೈಲಾರಲಿಂಗನ ಆಣಿ! ಈ ಬಾಗ್ಲ ನಿಂತಿರೋತನ ನೀ ಒಳಗ ಕಾಲಿಡಂಗಿಲ್ಲ. ಇಟ್ಟರ ನಾ ಸತ್ತಂಗ!"

ಇನ್ನೂರು ವರ್ಷ ನಿಂತ ಬಾಗಿಲು. ಅದು ಎಂದಾದರೂ ಇಲ್ಲವಾದೀತೆಂದು ಅಲ್ಲಿದ್ದ ಯಾರೂ ಕನಸಿನಲ್ಲಿಯೂ ನೆನೆಯಲಿಲ್ಲ. ಎಂದೆಂದಿಗೂ ಬೇಡ ಎಂದು ಅವನು ಹೇಳಿದ್ದು ಎಲ್ಲರಿಗೂ ಅರ್ಥವಾಯಿತು. "ಆತಪ್ಪ" ಎಂದಳು ಚಂದನಾ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದಳು.

ಆಮೇಲಿನ ಏಳು ವರ್ಷ ತಿಪ್ಪೇರುದ್ರಮ್ಮನೇ ಸಂತೆಯ ನೆಪದಲ್ಲಿ ಹಡಗಲಿಗೆ ಹೋಗಿ ಮಗಳನ್ನು ನೋಡಿ ಬರುತ್ತಿದ್ದಳು. ಬರುವಾಗ ಅವಳ ತುರುಬಿನಲ್ಲಿ ಮೊಳದುದ್ದ ಹಡಗಲಿ ಮಲ್ಲಿಗೆ ಇರುತ್ತಿತ್ತು. ಎಲ್ಲಿಯದೆಂದು ಮೈಲಪ್ಪ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ! ಸಂತೆಯ ದಿನ ಬೆಳಿಗ್ಗೆ ಅವನೇ ಹೆಂಡತಿಯನ್ನು ಬೇಗ ಎಬ್ಬಿಸುತ್ತಿದ್ದ, ಬಸ್ಸು ತಪ್ಪೀತೆಂದು.

ಈ ವರ್ಷ ಯುಗಾದಿ ಕಳೆದ ಮೇಲೆ ತಿಪ್ಪೇರುದ್ರಮ್ಮನ ಹೊಟ್ಟೆ ಉಬ್ಬತೊಡಗಿತು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ ದಿನವೇ ಡಾಕ್ಟರು ಮೈಲಪ್ಪನನ್ನು ಪಕ್ಕಕ್ಕೆ ಕರೆದು, ಗಡ್ಡೆ ಎಲ್ಲ ಕಡೆಗೂ ಹರಡಿದೆ, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ, ಹೆಚ್ಚು ದಿನವಿಲ್ಲ ಎಂದರು. ವ್ಯಾನು ಊರಿಗೆ ಬಂದಾಗ ಅವಳು ಹಟ ಹಿಡಿದು ಎದ್ದು, ಗಂಡನ ಹೆಗಲ ಮೇಲೆ ಕೈಹಾಕಿ, ತನ್ನ ಕಾಲಿನಲ್ಲೇ ಹೊಸ್ತಿಲು ದಾಟಿದಳು.

"ಇನ್ನ ನನ್ನ ಮಲಗಿಸ್ಕೊಂಡು ಹೊರಗ ಒಯ್ಯಬ್ಯಾಡ್ರಿ" ಎಂದಳು. "ಮಲಕ್ಕೊಂಡು ಹೊಸ್ತಿಲ ದಾಟೋದು ಹೆಣಾನ. ಅದು ಆದಾಗ ಆಕ್ಕೈತಿ. ಚಂದವ್ವನ ಕರಸ್ರಿ. ಅಕಿಗೊಂದು ಮಾತು ಹೇಳೋದೈತಿ."

"ನನಗ ಹೇಳು, ನಾ ಮುಟ್ಟಸ್ತೀನಿ."

"ನಿಮಗಲ್ರಿ ಅದು."

ಎದುರುಮನೆಯ ಕೊಟ್ರಬಸಮ್ಮ ಹಿಟ್ಟಿನ ಗಿರಣಿ ನಡೆಸುವವಳು, ಹಗಲೆಲ್ಲ ಬಂದು ಗಂಜಿ ಕುಡಿಸಿ ಹೋಗುವವಳು. ಅವಳು ಚಂದನಾಳಿಗೆ ಫೋನು ಹಚ್ಚಿ ತಾಯಿಯ ಕಿವಿಗೆ ಹಿಡಿದರೆ, ತಿಪ್ಪೇರುದ್ರಮ್ಮ ಅದನ್ನು ದೂಡಿದಳು. ಕೈ ಹಿಡಿದುಕೊಂಡು ಹೇಳುವ ಮಾತಂತೆ, ಪೆಟ್ಟಿಗೆಯೊಳಗೆ ಹೇಳುವಂಥದ್ದಲ್ಲವಂತೆ.

ಮೈಲಪ್ಪ ಮರುದಿನವೇ ಮೈಲಾರಕ್ಕೆ ಹೋದ. ಕರಿ ಕಂಬಳಿ ಹೊದ್ದು ಗುಡಿಯ ಬಳಿ ಕುಳಿತಿದ್ದ ಹಿರಿಯ ಗೊರವ ಸುಂಕಪ್ಪನ ಮುಂದೆ ಎಲ್ಲ ಹೇಳಿಕೊಂಡ. ಆಣೆ ಬಿಡಿಸಲು ಕುರಿ ಕೊಡುತ್ತೇನೆ, ಬರಿಗಾಲಲ್ಲಿ ಬರುತ್ತೇನೆ, ಏನು ಹೇಳಿದರೂ ಸೈ ಎಂದ.

ಸುಂಕಪ್ಪ ನಕ್ಕ. "ಕುರಿ ಯಾಕಲೇ ಪಾಪ, ಅದೇನು ಆಣಿ ಮಾಡಿತ್ತ? ಮಾಡಿದ ಬಾಯೇ ಬಿಡಬೇಕು. ಎಲ್ಲಿ ಅಂದಿದ್ದೆಯೋ ಅಲ್ಲೇ ನಿಂತ್ಕ. ನಾಕು ಮಂದಿ ಮುಂದ ಮಗಳಿಗೆ 'ತಪ್ಪಾತವ್ವ, ಒಳಗ ಬಾ' ಅನ್ನು. ಅಕಿ ಕೈಲೆ ಹಣಿಗೆ ಭಂಡಾರ ಹಚ್ಚಿಸ್ಕ. ಮುಗೀತು."

ಅಷ್ಟೇ. ಇಷ್ಟು ಅಗ್ಗದ ಪರಿಹಾರವನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಕುಣಿದುಕೊಂಡು ಬಸ್ಸು ಹತ್ತುತ್ತಿದ್ದರು. ಮೈಲಪ್ಪ ಕಾಲೆಳೆಯುತ್ತ ನಡೆದ. ಮೇಷ್ಟ್ರನ್ನು ಬಗ್ಗಿಸಿದ ಆ ಬಾಗಿಲಲ್ಲೇ, ಊರ ಮುಂದೆ, ಹೆತ್ತ ಮಗಳಿಗೆ ತಾನು ಬಗ್ಗುವುದೇ? ಮನೆಗೆ ಬಂದು ಹೆಂಡತಿಯ ತಲೆದೆಸೆಯಲ್ಲಿ ಕುಳಿತು, "ಬಿಡಿಸಾಕ ಬರಂಗಿಲ್ಲಂತ" ಎಂದು ಸುಳ್ಳು ಹೇಳಿದ. ನಲವತ್ತು ವರ್ಷದಲ್ಲಿ ಅವಳಿಗೆ ಅವನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅವಳು ಗೋಡೆಯ ಕಡೆ ತಿರುಗಿ ಅತ್ತಳು, ಅವಳು ಅತ್ತದ್ದನ್ನು ನೋಡಿ ಅವನೂ ಅತ್ತ.

ಅಳುತ್ತಿರುವಾಗಲೇ ಅವನಿಗೆ ತಾನಾಡಿದ ಮಾತು ನೆನಪಾಯಿತು. ಈ ಬಾಗಿಲು ನಿಂತಿರುವ ತನಕ. ಹಾಗಾದರೆ ಬಾಗಿಲೇ ಇಲ್ಲದಿದ್ದರೆ?

ಎರಡು ವರ್ಷದ ಹಿಂದೆ ಅರುಣಕುಮಾರ್ ಈ ಬಾಗಿಲನ್ನು ಹೊಸಪೇಟೆಯ ಕಡೆ ಹೋಟೆಲು ಕಟ್ಟುವ ಯಾರಿಗೋ ಕೊಡಲು ಹೊರಟಿದ್ದ. ಆಗ ಮೈಲಪ್ಪ ಹೊಸ್ತಿಲ ಮೇಲೆ ಕಂಬಳಿ ಹಾಸಿ ಅಡ್ಡ ಮಲಗಿ, ನನ್ನನ್ನು ಕಡಿದು ಒಯ್ಯಿರಿ ಎಂದು ಎರಡು ದಿನ ಏಳದೆ, ಬಂದ ಲಾರಿಯನ್ನು ಖಾಲಿ ಕಳಿಸಿದ್ದ. ಈಗ ಅವನೇ ಫೋನು ಮಾಡಿದ.

"ಸಣ್ಣಗೌಡ್ರ, ಬಾಗ್ಲ ತಗೊಂಡೋಗ್ರಿ. ನಾಳಿನೇ ಬರ್ರಿ."

"ಮೈಲಪ್ಪಾ, ಕುಡಿದೀಯೇನು?"

"ಕೈ ಮುಗಿತೀನ್ರೀ, ನಾಳಿನೇ ಕೀಳಿಸ್ರಿ!"

ಮರುದಿನ ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯಿಂದ ಬಡಗಿ ಹಂಪೇಶ್ ಮೂವರು ಆಳುಗಳೊಂದಿಗೆ ಟ್ರ್ಯಾಕ್ಟರಿನಲ್ಲಿ ಬಂದಿಳಿದ. ಊರು ಬಾಯಿಬಿಟ್ಟು ನೋಡಿತು. ಮೈಲಪ್ಪ ಗೌಡರಿಂದ ಏನೋ ತಿಂದಿದ್ದಾನೆ ಎಂದು ಕೆಲವರು, ಹೆಂಡತಿಯ ಚಿಂತೆಗೆ ತಲೆ ಕೆಟ್ಟಿದೆ ಎಂದು ಕೆಲವರು. ಹಂಪೇಶ್ ಚೌಕಟ್ಟನ್ನು ಬೆರಳಿಂದ ತಟ್ಟಿ, ಮೇಲಿನ ಅಟ್ಟ ನೋಡಿ, ತಲೆಯಾಡಿಸಿದ.

"ತಾತ, ಅಟ್ಟ ಪೂರಾ ಈ ತೊಲಿ ಮ್ಯಾಗ ನಿಂತೈತಿ. ಆಸರ ಕೊಡದ ಕಿತ್ತರ ಒಳಗ ಮಲಗಿರೋ ಅಮ್ಮಾರ ಮ್ಯಾಲೇ ಬೀಳ್ತೈತಿ. ಮೂರನೇ ದಿನಕ್ಕ ಕೀಳಬಹುದು."

"ಇವತ್ತೇ ಆಗಬೇಕಲೇ!"

"ಕಟ್ಟಿದವ್ರನ್ನ ಕೇಳ್ರಿ. ಕೀಳ್ಲಿ ಅಂತ ಕಟ್ಟಿಲ್ಲ ಅವ್ರು."

ಹತ್ತು ಗಂಟೆಯ ಬಸ್ಸಿಗೆ ಚಂದನಾ ಬಂದಳು. ಕೊಟ್ರಬಸಮ್ಮನೇ ಕರೆಸಿದ್ದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ರಸ್ತೆಯಾಚೆ, ಹೆಬ್ಬಾಗಿಲಿಗೆ ಸರಿಯಾಗಿ ಎದುರು, ಕೊಟ್ರಬಸಮ್ಮನ ಜಗಲಿಯ ಮೇಲೆ ಕುಳಿತಳು. ಏಳು ವರ್ಷದಲ್ಲಿ ತುಸು ದಪ್ಪಗಾಗಿದ್ದಳು. ಮೈಲಪ್ಪ ಅವಳನ್ನು ನೋಡದಂತೆ ನೋಡಿ, ಕೊಟ್ರಬಸಮ್ಮನನ್ನು ಪಕ್ಕಕ್ಕೆ ಕರೆದು, ಹಿಂದಿನ ಬಯಲಿನಿಂದ ಕರೆದುಕೊಂಡು ಬಾ ಎಂದು ಪಿಸುಗುಟ್ಟಿದ. ಮೇಷ್ಟ್ರನ್ನು ಬಿಡದಿದ್ದ ದಾರಿಯನ್ನು ಮಗಳಿಗೆ ತೋರಿಸಿದ. ಕೊಟ್ರಬಸಮ್ಮ ಹೋಗಿ ಕೇಳಿ ಬಂದಳು.

"ಬರಂಗಿಲ್ಲಂತೋ. ಆಣಿ ಒಳಗ ಕಾಲಿಡಬ್ಯಾಡ ಅಂತ ಐತಿ, ಹಿಂದಿಂದ ಹೋದ್ರೂ ಒಳಗ ಒಳಗೇ. ನಾ ಕಾಲಿಟ್ಟು ಅಪ್ಪಗೇನಾರ ಆದ್ರ ನಾ ಹೆಂಗ ಬದುಕಲಿ ಅಂತಾಳ. ಅಪ್ಪ ಒಂದ್ಸಲ ಬಾ ಅನ್ಲಿ, ಓಡಿ ಬರ್ತೀನಿ ಅಂತಾಳ. ಅನ್ನೋ ಮೈಲಪ್ಪ. ಒಂದ್ ಮಾತು."

"ಭಂಡಾರದ ಆಣಿ ಅಕ್ಕಾ. ನಿಮಗ ತಿಳಿಯಂಗಿಲ್ಲ" ಎಂದು ಮೈಲಪ್ಪ ಹಾರೆ ಎತ್ತಿಕೊಂಡ.

ಹಾರೆ ಎತ್ತಿಕೊಂಡವನು ಆ ಹಗಲೆಲ್ಲ ಕೆಳಗಿಡಲಿಲ್ಲ. ಅಜ್ಜ ಎಣ್ಣೆ ಹಚ್ಚಿದ ಕದ, ಅಪ್ಪ ಕೈಮುಗಿದ ಕದ; ಅದರ ಮೊಳೆಗಳನ್ನು ಒಂದೊಂದಾಗಿ ಮೀಟಿದ. ಕೈಯ ಬೊಬ್ಬೆ ಒಡೆದು ಹಾರೆಗೆ ರಕ್ತ ಹತ್ತಿತು. ಹಂಪೇಶ್ ಬೇಡ ಎಂದರೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಕದಗಳು ಕೆಳಗಿಳಿದವು. ಚೌಕಟ್ಟು ಹಾಗೇ ನಿಂತಿತ್ತು, ಲಕ್ಷ್ಮಿ ಹಾಗೇ ಕುಳಿತಿದ್ದಳು. ರಸ್ತೆಯಿಂದ ಈಗ ನೇರ ಒಳಗೆ ಕಾಣುತ್ತಿತ್ತು, ಕೋಣೆಯ ಗೋಡೆಯ ಮಗ್ಗುಲಿನ ತನಕ. ಮಂಚ ಕಾಣುತ್ತಿರಲಿಲ್ಲ. ಚಂದನಾ ಜಗಲಿಯ ತುದಿಗೆ ಸರಿದು, ಕತ್ತು ಉದ್ದ ಮಾಡಿ ನೋಡಿ ನೋಡಿ ಸಾಕಾಗಿ, ಅಲ್ಲೇ ಒರಗಿದಳು.

ಎರಡನೆಯ ದಿನ ಆಸರೆಯ ಕಂಬಗಳನ್ನು ನಿಲ್ಲಿಸಿ, ಚೌಕಟ್ಟಿನ ಸುತ್ತಲ ಕಲ್ಲುಗಳನ್ನು ಉಳಿಯಿಂದ ಬಿಡಿಸತೊಡಗಿದರು. ಆ ಸದ್ದಿಗೆ ಊರೇ ಕಿವಿ ಮುಚ್ಚಿಕೊಂಡಿತು. ಮಧ್ಯಾಹ್ನ ಮೈಲಪ್ಪನಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂತು. ಹಾರೆ ಎಸೆದು, ಧೂಳು ಕೊಡವಿಕೊಂಡು, ರಸ್ತೆಗಿಳಿದ. ಆಳುಗಳು ಕೈ ನಿಲ್ಲಿಸಿದರು, ಅರಳಿಕಟ್ಟೆಯ ಮೇಲಿದ್ದವರು ಎದ್ದರು. ಚಂದನಾ ಎದ್ದು ನಿಂತಳು. ಮೈಲಪ್ಪ ಅವಳ ಮುಂದೆ ಬಂದ, ಬಾಯಿ ತೆರೆದ. ಅಷ್ಟೊಂದು ಕಣ್ಣು ತನ್ನ ಮೇಲೆ ಬಿದ್ದದ್ದು ಅವನ ಬೆನ್ನಿಗೆ ತಾಗಿತು.

"ಕೊಟ್ರಬಸಕ್ಕಾ, ಕುಡಿಯಾಕ ನೀರು ಐತೇನು?" ಎಂದ.

ಸುತ್ತಿಗೆ ನಿಂತಿದ್ದ ಆ ಹೊತ್ತಿನಲ್ಲಿ ಒಳಗಿನಿಂದ ದನಿ ಕೇಳಿಸಿತು. ಸಣ್ಣಗೆ, ಎಳೆದೆಳೆದು. "ಚಂದವ್ವಾ... ಬಂದ್ಯೇನ ಯವ್ವಾ..." ರಸ್ತೆಯ ಮಂದಿಗೆಲ್ಲ ಕೇಳಿಸಿತು. "ಯವ್ವಾ, ಇಲ್ಲೇ ಅದೀನಿ!" ಎಂದು ಚಂದನಾ ಕೂಗಿ, ಎರಡು ಹೆಜ್ಜೆ ಓಡಿ, ರಸ್ತೆಯ ನಡುವೆ ನಿಂತು ಅಪ್ಪನ ಮುಖ ನೋಡಿದಳು. ಮೈಲಪ್ಪ ಗಿರ್ರನೆ ತಿರುಗಿ ಹಂಪೇಶನ ಮೇಲೆ ಹರಿಹಾಯ್ದ.

"ಯಾಕಲೇ ನಿಲ್ಸಿದಿ? ನಿಲ್ಸಬ್ಯಾಡ! ಹೊಡಿ, ಹೊಡಿ!"

ಹಂಪೇಶ್ ಹೊಡೆದ. ಒಳಗಿನ ದನಿ ಮತ್ತೆ ಕೇಳಿಸಲಿಲ್ಲ. ಆ ಕ್ಷಣಕ್ಕೆ ಮೈಲಪ್ಪನನ್ನು ಹಿಡಿದು ನಾಲ್ಕು ಬಾರಿಸುವವರು ಯಾರಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಯಾರೂ ಮುಂದೆ ಬರಲಿಲ್ಲ. ಭಂಡಾರದ ಆಣೆ ಎಂದರೆ ಊರಿಗೂ ಭಯವೇ.

ಅಂದು ಸಂಜೆ ಕೊಟ್ರಬಸಮ್ಮ ಎಮ್ಮೆ ಕರೆಯಲು ಮನೆಗೆ ಹೋಗಿದ್ದಳು. ಚೌಕಟ್ಟಿನ ಬಲಗಾಲು ಕಲ್ಲಿನಿಂದ ಬಿಡಿಸಿಕೊಂಡಿತ್ತು, ಎಡಗಾಲು ಇನ್ನೇನು ಅಲುಗುತ್ತಿತ್ತು. ಒಳಗಿನಿಂದ ತಿಪ್ಪೇರುದ್ರಮ್ಮ ಕರೆದಳು. ಈ ಸಲ ಮಗಳನ್ನಲ್ಲ.

"ರೀ... ಬರ್ರಿ ಇಲ್ಲಿ. ನಿಮಗರ ಹೇಳ್ತೀನಿ."

"ಬಂದೆ, ತಡಿ! ಇದೊಂದು ಕಲ್ಲು ಐತಿ!" ಎಂದು ಮೈಲಪ್ಪ ಹಾರೆಯ ಮೇಲೆ ಮೈಭಾರ ಬಿಟ್ಟ. ಕಲ್ಲು ಮಿಸುಕಿತು. ಇನ್ನೊಂದು ಸಲ ಬಿಟ್ಟ. ಅವಳಿಗಾಗಿಯೇ ಅಲ್ಲವೇ ಇದೆಲ್ಲ, ಬೆಳಗಾಗುವುದರೊಳಗೆ ಮಗಳು ಮಂಚದ ಮೇಲೆ ಕುಳಿತಿರುತ್ತಾಳೆ ಎಂದುಕೊಂಡ. ಕಲ್ಲು ಕಿತ್ತು ಬಂದ ಮೇಲೆ ಬೆವರು ಒರೆಸಿಕೊಳ್ಳುತ್ತ ಒಳಗೆ ಹೋದ. "ಏನ, ಹೇಳು" ಎಂದು ಮಂಚದ ಬಳಿ ಕುಳಿತ. ತಿಪ್ಪೇರುದ್ರಮ್ಮ ಅವನನ್ನು ನೋಡಿದಳು. ತುಟಿ ಅಲುಗಿಸಿದಳು. ಉಸಿರು ಬಂತು, ಮಾತು ಬರಲಿಲ್ಲ. ಅವನು ಕಿವಿಯನ್ನು ಅವಳ ಬಾಯಿಗೆ ಹಚ್ಚಿದ, ಅಲುಗಿಸಿದ, ನೀರು ಬಿಟ್ಟ, ಹೆಸರು ಹಿಡಿದು ಕೂಗಿದ. ನೀರು ತುಟಿಯ ಅಂಚಿನಿಂದ ಇಳಿದುಹೋಯಿತು.

ಮೂರನೆಯ ದಿನ ಬಿಸಿಲೇರುವ ಮೊದಲೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರು. ಚೌಕಟ್ಟು ಒಮ್ಮೆ ನರಳಿ, ಲಕ್ಷ್ಮಿಯ ಸಮೇತ ಮುಂದಕ್ಕೆ ಬಾಗಿ, ಧೂಳೆಬ್ಬಿಸಿಕೊಂಡು ಮಲಗಿತು. ಹೊಸ್ತಿಲೂ ಕಿತ್ತು ಬಂತು. ಇನ್ನೂರು ವರ್ಷ ಬಾಗಿಲಿದ್ದಲ್ಲಿ ಒಂದು ದೊಡ್ಡ ಕಿಂಡಿ, ಅದರೊಳಗಿಂದ ಒಂದು ಮೇಕೆ ಹೊರಗೆ ಬಂದು ನಿಂತಿತು. ಮೈಲಪ್ಪ ಎಡವುತ್ತ ರಸ್ತೆಗೆ ಓಡಿದ.

"ಬಾಗ್ಲ ಹೋತು! ಚಂದವ್ವ, ಬಾಗ್ಲ ಹೋತು, ಈಗ ಆಣಿ ಇಲ್ಲ!"

ಚಂದನಾ ಬಂದಳು. ಬಾಡಿದ ಮಲ್ಲಿಗೆ ಕೈಯಲ್ಲೇ ಇತ್ತು. ಹೊಸ್ತಿಲು ಇದ್ದ ಕುಣಿಯ ಅಂಚಿಗೆ ಬಂದು ನಿಂತಳು. ಮುಂದೆ ಹೆಜ್ಜೆ ಇಡಲಿಲ್ಲ.

"ಯಾಕವ್ವ? ಬಾಗ್ಲೇ ಇಲ್ಲ ನೋಡು."

"ಕಾಲಿಟ್ಟರ ನಾ ಸತ್ತಂಗ ಅಂದಿದ್ದು ಬಾಗ್ಲ ಅಲ್ಲಪ್ಪ. ನೀನು" ಎಂದಳು ಚಂದನಾ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವಂತೆ. "ನೀ ಬಾ ಅನ್ನಪ್ಪ. ಮೂರು ದಿನದಿಂದ ಕಾಯ್ತಿದೀನಿ."

ಆಳುಗಳು ನಿಂತಿದ್ದರು, ಅರಳಿಕಟ್ಟೆಯವರು ನಿಂತಿದ್ದರು, ಕೊಟ್ರಬಸಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಮೈಲಪ್ಪ ಮಣ್ಣಿನಲ್ಲಿ ಮೊಣಕಾಲೂರಿದ.

"ತಪ್ಪಾತವ್ವ. ಒಳಗ ಬಾ" ಎಂದ.

ಹೇಳಿ ಮುಗಿಯಿತು. ಒಂದು ಉಸಿರೂ ಪೂರ್ತಿ ಬೇಕಾಗಲಿಲ್ಲ. ಯಾರೂ ನಗಲಿಲ್ಲ. ಅವನೇ ಚೀಲದಿಂದ ಭಂಡಾರ ತೆಗೆದು ಮಗಳ ಮುಂದೆ ಹಿಡಿದ. ಅವಳು ಅವಸರದಲ್ಲಿ ಅದನ್ನು ಅಪ್ಪನ ಹಣೆಗೆ ಬಳಿದು, ಕುಣಿ ದಾಟಿ, ಒಳಗೆ ಓಡಿದಳು.

ತಾಯಿಯ ಕಣ್ಣು ತೆರೆದೇ ಇತ್ತು. ಚಂದನಾ ಮಂಚದ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡಳು. "ಯವ್ವಾ, ನಾನು. ಬಂದೀನಿ. ಏನೋ ಹೇಳೋದೈತಿ ಅಂದ್ಯಂತಲ್ಲ, ಹೇಳು." ಕೈಯಲ್ಲಿ ಬಿಸಿ ಇತ್ತು. ಬೆರಳುಗಳು ಒತ್ತಲಿಲ್ಲ. ಕಣ್ಣು ಮಗಳ ಮುಖದ ಮೇಲೆಯೇ ಇತ್ತು, ಗುರುತು ಹಿಡಿಯಿತೋ ಇಲ್ಲವೋ. ಚಂದನಾ ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಆಮೇಲೆ ತಲೆಯೆತ್ತಿ, ಹೊರಗಿನ ಬೆಳಕಿಗೆ ಅಡ್ಡ ನಿಂತಿದ್ದ ಅಪ್ಪನನ್ನು ನೋಡಿದಳು.

"ಮಾತು ಯಾವಾಗ ನಿಂತಾವಪ್ಪ?"

"ನಿನ್ನಿ ಸಂಜಿಗೆ."

"ಕಡೀಕ ಏನಂದ್ಳು?"

"ಹೇಳ್ತೀನಿ ಬಾ ಅಂತ ಕರದ್ಳವ್ವ" ಎಂದ. "ನಾ ಕಲ್ಲು ಕೀಳಾಕ ಹತ್ತಿದ್ದೆ."